ಟ್ಯಾಪ್ ಒತ್ತುವ ಮೊದಲು ಎಣಿಸಿ: ಡಿಲೇ ಪೆಡಲ್ ಕುರಿತು ಓದುಗರ ಪ್ರಶ್ನೆಗಳು

ಡಿಲೇ ಪೆಡಲ್ ಎಂದರೆ ಗಿಟಾರ್‌ನ ಸದ್ದನ್ನು ಸ್ವಲ್ಪ ಹೊತ್ತು ಬಿಟ್ಟು ಮಾರ್ದನಿಯಂತೆ ಮತ್ತೆ ಕೇಳಿಸುವ ಪೆಟ್ಟಿಗೆ; ಹಾಗೆ ಮರಳುವ ಪ್ರತಿ ದನಿಯೂ ಒಂದು ರಿಪೀಟ್. ಆ ಅಂತರವನ್ನು ಹಾಡಿನ ವೇಗಕ್ಕೆ ಕಾಲಿನಿಂದ ಒತ್ತಿ ಹೊಂದಿಸುವುದು ಟ್ಯಾಪ್ ಟೆಂಪೊ. ಅದು ಇರುವ ಪೆಡಲ್‌ಗಳ ಬಗ್ಗೆ ಬಂದ ಪ್ರಶ್ನೆಗಳನ್ನು ಒಟ್ಟಿಗೆ ಇಟ್ಟು ಉತ್ತರಿಸಿದ್ದೇವೆ. ಲೆಕ್ಕಗಳಲ್ಲಿ ಒಂದು ಸೂತ್ರ ಮತ್ತೆ ಮತ್ತೆ ಬರುತ್ತದೆ: 60,000ವನ್ನು ಬಿಪಿಎಂನಿಂದ (ನಿಮಿಷಕ್ಕೆ ಬೀಳುವ ಬೀಟ್‌ಗಳ ಸಂಖ್ಯೆಯಿಂದ) ಭಾಗಿಸಿದರೆ ಒಂದು ಬೀಟ್ ಎಷ್ಟು ಮಿಲಿಸೆಕೆಂಡ್ ಎಂದು ಸಿಗುತ್ತದೆ.

ರಸಮಂಜರಿ ಕಾರ್ಯಕ್ರಮಗಳಲ್ಲಿ ಗಿಟಾರ್ ನುಡಿಸುತ್ತೇನೆ. ಇಷ್ಟು ದಿನ ನಾಬ್ ತಿರುಗಿಸಿ ಅಂದಾಜಿನ ಮೇಲೆ ಡಿಲೇ ಇಡುತ್ತಿದ್ದೆ. ಈಗ ಬಾಸ್ (Boss) ಕಂಪನಿಯ ಸೆಕೆಂಡ್ ಹ್ಯಾಂಡ್ ಡಿಡಿ-7 ಡಿಲೇ ಸಿಕ್ಕಿದೆ. ಟ್ಯಾಪ್ ಎಷ್ಟು ಸಲ ಒತ್ತಬೇಕು? ತಾಳದ ಮೊದಲ ಪೆಟ್ಟಿಗೇ ಒತ್ತಬೇಕೇ? (ದಾವಣಗೆರೆ)

ಪೆಡಲ್‌ಗೆ ನೀವು ನುಡಿಸುವ ಹಾಡು ಗೊತ್ತಿಲ್ಲ, ಸಮ ಎಲ್ಲಿದೆ ಎನ್ನುವುದೂ ಗೊತ್ತಿಲ್ಲ. ಎರಡು ಒತ್ತುಗಳ ನಡುವೆ ಎಷ್ಟು ಹೊತ್ತು ಕಳೆಯಿತು ಎಂಬುದೊಂದನ್ನೇ ಅದು ಅಳೆಯುತ್ತದೆ. ಹಾಗಾಗಿ ಎರಡನೇ ಬೀಟ್‌ನಿಂದ ಶುರುಮಾಡಿ, ಮೂರನೆಯದರಿಂದ ಶುರುಮಾಡಿ, ಫಲಿತಾಂಶ ಒಂದೇ. (ದನಿಯನ್ನು ಅಲೆಯಂತೆ ಏರಿಳಿಸುವ, ಟ್ಯಾಪ್ ಇರುವ ಟ್ರೆಮೊಲೊ ಪೆಡಲ್‌ನಲ್ಲಿ ಮಾತ್ರ ಇದು ಬೇರೆ. ಅಲ್ಲಿ ಅಲೆ ಯಾವ ಕ್ಷಣದಲ್ಲಿ ಏಳಬೇಕು ಎನ್ನುವುದೂ ಮುಖ್ಯ.)

ಎಷ್ಟು ಸಲ ಎಂಬುದಕ್ಕೆ ಲೆಕ್ಕ ನೋಡಿ. 120 ಬಿಪಿಎಂನಲ್ಲಿ ಒಂದು ಬೀಟ್ 500 ಮಿಲಿಸೆಕೆಂಡ್. ಎರಡೇ ಸಲ ಒತ್ತಿ, ಎರಡನೆಯದು 20 ಮಿಲಿಸೆಕೆಂಡ್ ತಡವಾಯಿತು ಅನ್ನಿ. ಡಿಲೇ 520ಕ್ಕೆ ಕೂರುತ್ತದೆ. ಮೊದಲ ರಿಪೀಟ್‌ನಲ್ಲಿ ಅದು ಕಿವಿಗೆ ಅಷ್ಟಾಗಿ ತಾಗುವುದಿಲ್ಲ. ನಾಲ್ಕನೇ ರಿಪೀಟ್ ಹೊತ್ತಿಗೆ 80 ಮಿಲಿಸೆಕೆಂಡ್ ಹಿಂದೆ ಬಿದ್ದು ಡ್ರಮ್ಸ್ ಜೊತೆ ಜಗಳಕ್ಕೆ ನಿಲ್ಲುತ್ತದೆ. ಐದು ಸಲ ಒತ್ತಿದರೆ ಅದೇ 20ರ ತಪ್ಪು ನಾಲ್ಕು ಅಂತರಗಳಿಗೆ ಹಂಚಿಹೋಗಿ 5ಕ್ಕೆ ಇಳಿಯುತ್ತದೆ. ಇದು ಸರಾಸರಿ ತೆಗೆಯುವ ಪೆಡಲ್‌ಗಳ ಮಾತು. ಕೊನೆಯ ಎರಡು ಒತ್ತುಗಳನ್ನಷ್ಟೇ ಲೆಕ್ಕಕ್ಕೆ ಹಿಡಿಯುವ ಪೆಡಲ್‌ಗಳೂ ಇವೆ. ನಿಮ್ಮದು ಯಾವ ಜಾತಿ ಎಂದು ತಿಳಿಯಲು ನಾಲ್ಕು ಸಲ ಒಂದೇ ವೇಗದಲ್ಲಿ ಒತ್ತಿ, ಐದನೆಯದನ್ನು ಬೇಕೆಂದೇ ತುಂಬಾ ತಡಮಾಡಿ. ಡಿಲೇ ಪೂರ್ತಿ ಆ ಕೊನೆಯ ಅಂತರಕ್ಕೆ ಹೋಗಿ ಕೂತರೆ ಅದು ಎರಡನೇ ಜಾತಿ. ಅಂಥದರಲ್ಲಿ ಹೆಚ್ಚು ಸಲ ಒತ್ತಿದ್ದಕ್ಕೆ ಲಾಭವಿಲ್ಲ, ಕೊನೆಯ ಎರಡು ಒತ್ತು ಸರಿಯಾಗಿ ಬಿದ್ದರೆ ಸಾಕು.

ಡಿಡಿ-7ರಲ್ಲಿ ಪೆಡಲನ್ನು ಎರಡು ಸೆಕೆಂಡ್‌ಗಿಂತ ಹೆಚ್ಚು ಹೊತ್ತು ಅದುಮಿ ಹಿಡಿದರೆ ಟ್ಯಾಪ್ ಸ್ಥಿತಿಗೆ ಹೋಗುತ್ತದೆ, ಮತ್ತೆ ಹಾಗೇ ಹಿಡಿದರೆ ಹೊರಬರುತ್ತದೆ. ಟ್ಯಾಪ್ ಸ್ಥಿತಿಯಲ್ಲಿರುವಾಗ ಅದೇ ಪೆಡಲ್‌ನಿಂದ ಡಿಲೇಯನ್ನು ಆನ್-ಆಫ್ ಮಾಡಲಾಗುವುದಿಲ್ಲ. ಹಾಡಿನ ಬೆನ್ನಿಗೆ ಹಾಡು ಬರುವ ರಸಮಂಜರಿಯಲ್ಲಿ ಇದು ದೊಡ್ಡ ತೊಡಕು. ಹೊರಗಿನಿಂದ ಒಂದು ಫುಟ್‌ಸ್ವಿಚ್ ಸೇರಿಸಿಬಿಡಿ, ಆ ದುಡ್ಡು ದಂಡವಾಗುವುದಿಲ್ಲ.

ಒತ್ತುವಾಗ ಹಿಮ್ಮಡಿ ನೆಲಕ್ಕೆ ಊರಿರಲಿ, ಕಾಲಿನ ಮುಂಭಾಗವಷ್ಟೇ ಒಂದು ಸೆಂಟಿಮೀಟರ್ ಏಳಲಿ. ಇಡೀ ಕಾಲು ಎತ್ತಿ ತುಳಿದರೆ ಪ್ರತಿ ಸಲವೂ ಬೇರೆ ಬೇರೆ ಹೊತ್ತಿಗೆ ಬೀಳುತ್ತದೆ. ಡ್ರಮ್ಮರ್ ಕೋಲು ತಟ್ಟಿ ಎಣಿಸುವಾಗಲೇ ಒತ್ತಿ ಮುಗಿಸಿ. ಹಾಡು ಓಡುತ್ತಾ ವೇಗ ಏರುವುದು ಸಹಜ. 100ರಿಂದ 104 ಬಿಪಿಎಂಗೆ ಹೋದರೂ ಬೀಟ್ 600ರಿಂದ 577 ಮಿಲಿಸೆಕೆಂಡ್‌ಗೆ ಇಳಿಯುತ್ತದೆ, ಮೂರನೇ ರಿಪೀಟ್ 69 ಮಿಲಿಸೆಕೆಂಡ್ ಹಿಂದುಳಿಯುತ್ತದೆ. ಪಲ್ಲವಿ, ಚರಣಗಳ ನಡುವೆ ಗಿಟಾರ್ ಸುಮ್ಮನಿರುವ ಜಾಗ ನೋಡಿಕೊಂಡು ಮತ್ತೊಮ್ಮೆ ಒತ್ತಿ.

ಚರ್ಚ್ ಕಾಯರ್‌ನಲ್ಲಿ ನುಡಿಸುತ್ತೇನೆ. ಎಲ್ಲರೂ ಡಾಟೆಡ್ ಎಯ್ತ್ ಡಿಲೇ ಇಡು ಅನ್ನುತ್ತಾರೆ. ನನ್ನ ಪೆಡಲ್‌ನಲ್ಲಿ ಟ್ಯಾಪ್ ಇದೆ, ಆದರೆ ನೋಟ್ ಆಯ್ಕೆ ಮಾಡುವ ಗುಂಡಿ ಇಲ್ಲ. ಹೇಗೆ ಮಾಡಲಿ? (ಮಂಗಳೂರು)

ಗುಂಡಿ ಇಲ್ಲದಿದ್ದರೂ ನಡೆಯುತ್ತದೆ, ಅದಕ್ಕೆ ನಮ್ಮ ಸೊಲ್ಲುಕಟ್ಟು, ಅಂದರೆ ಲಯವನ್ನು ಬಾಯಲ್ಲಿ ಎಣಿಸುವ ಅಕ್ಷರಗಳು, ಇದೆ.

ಒಂದು ಬೀಟನ್ನು ನಾಲ್ಕು ಸಮ ಪಾಲು ಮಾಡಿದರೆ "ತಕಧಿಮಿ". ಡಾಟೆಡ್ ಎಯ್ತ್ ಎಂದರೆ ಆ ನಾಲ್ಕರಲ್ಲಿ ಮೂರು ಪಾಲು, ಅಂದರೆ ಬೀಟ್‌ನ ಮುಕ್ಕಾಲು. ಮೊದಲು ಹಾಡಿನ ವೇಗಕ್ಕೆ "ತಕಧಿಮಿ ತಕಧಿಮಿ" ಎಂದು ಬಾಯಲ್ಲಿ ಹೇಳಿ, ಪ್ರತಿ "ತ" ಬೀಟ್ ಮೇಲೆ ಬೀಳಲಿ. ಅಕ್ಷರಗಳ ವೇಗ ಒಂದಿಷ್ಟೂ ಬದಲಿಸದೆ "ತಕಿಟ ತಕಿಟ ತಕಿಟ ತಕಿಟ" ಎಂದು ಹೊರಳಿ. ಈಗ ಪ್ರತಿ "ತ"ಗೆ ಒಂದು ಸಲ ಟ್ಯಾಪ್ ಒತ್ತಿ. ನಾಲ್ಕು ತಕಿಟ ಮುಗಿದಾಗ ಹನ್ನೆರಡು ಅಕ್ಷರ, ಅಂದರೆ ಸರಿಯಾಗಿ ಮೂರು ಬೀಟ್ ಆಗಿರುತ್ತದೆ. ಐದನೇ "ತ" ನಾಲ್ಕನೇ ಬೀಟ್ ಮೇಲೆಯೇ ಬಂದು ಬೀಳಬೇಕು. ಬಿದ್ದರೆ ನಿಮ್ಮ ಎಣಿಕೆ ಸರಿ. ಎಲ್ಲರೂ ಎಡವುವುದು ಒಂದೇ ಕಡೆ: ತಕಿಟಕ್ಕೆ ಹೊರಳುವಾಗ ಅಕ್ಷರಗಳನ್ನು ಎಳೆದು ಮೂರನ್ನೂ ಒಂದು ಬೀಟ್‌ನೊಳಗೆ ತುಂಬಿಬಿಡುತ್ತಾರೆ. ಅದು ತಿಶ್ರ ನಡೆಯಾಯಿತು, ಡಾಟೆಡ್ ಎಯ್ತ್ ಅಲ್ಲ. ಇದನ್ನು ಮೊದಲು ಕಾಲಿಲ್ಲದೆ ಬಾಯಲ್ಲಿ, ಆಮೇಲೆ ಕೈತಟ್ಟಿ, ಕೊನೆಗೆ ಪೆಡಲ್ ಮೇಲೆ ಅಭ್ಯಾಸ ಮಾಡಿ.

ಮಿಲಿಸೆಕೆಂಡ್ ತೋರಿಸುವ ಪೆಡಲ್ ಆದರೆ 45,000ವನ್ನು ಬಿಪಿಎಂನಿಂದ ಭಾಗಿಸಿದರೆ ಆಯಿತು. 90ಕ್ಕೆ 500, 100ಕ್ಕೆ 450, 120ಕ್ಕೆ 375.

ಡಿಲೇ ಸರಿಯಾಗಿದ್ದೂ ಅಪೇಕ್ಷಿಸಿದ ನಾದ ಬಾರದಿದ್ದರೆ ತಪ್ಪು ಬಲಗೈಯಲ್ಲಿರುತ್ತದೆ. ನೀವು ಬಿಡದೆ ಎಯ್ತ್ ನೋಟ್‌ಗಳನ್ನು, ಅಂದರೆ ತಕಧಿಮಿಯ "ತ" ಮತ್ತು "ಧಿ" ಮೇಲೆ ಮಾತ್ರ ನುಡಿಸಬೇಕು. ಪ್ರತಿ ಸ್ವರದ ಮೊದಲ ರಿಪೀಟ್ ಮೂರು ಅಕ್ಷರ ದಾಟಿ, ನೀವು ಖಾಲಿ ಬಿಟ್ಟ "ಕ" ಮತ್ತು "ಮಿ" ಮೇಲೆ ಬೀಳುತ್ತದೆ. ಕೇಳುವವರಿಗೆ ಬೀಟ್‌ಗೆ ನಾಲ್ಕು ಸ್ವರದಂತೆ ಎಡೆಬಿಡದ ಹದಿನಾರರ ಓಟ ಕೇಳಿಸುತ್ತದೆ. ಯೂ2 ತಂಡದ ದಿ ಎಡ್ಜ್ ಈ ಬಗೆಯ ವಾದನವನ್ನು ಮೊದಲು ಎಲೆಕ್ಟ್ರೊ-ಹಾರ್ಮೋನಿಕ್ಸ್‌ನ ಡಿಲಕ್ಸ್ ಮೆಮೊರಿ ಮ್ಯಾನ್‌ನಲ್ಲೂ ಆಮೇಲೆ ಕೊರ್ಗ್ ಎಸ್‌ಡಿಡಿ-3000ದಲ್ಲೂ ಕಟ್ಟಿ ಲೋಕಕ್ಕೆಲ್ಲ ಪರಿಚಯಿಸಿದರು. ಈ ಓಟಕ್ಕೆ ರಿಪೀಟ್‌ನ ದನಿ ನಿಮ್ಮ ನೇರ ದನಿಗೆ ಹತ್ತಿರ ಹತ್ತಿರ ಸಮ ಇರಬೇಕು. ಆದರೆ ಎಷ್ಟು ರಿಪೀಟ್ ಬರಬೇಕೆಂದು ನಿರ್ಧರಿಸುವ ಫೀಡ್‌ಬ್ಯಾಕ್ ನಾಬ್ ಕಡಿಮೆ ಇರಲಿ, ಎರಡು ರಿಪೀಟ್ ಗಟ್ಟಿಯಾಗಿ ಕೇಳಿದರೆ ಸಾಕು. ಕಾರಣವಿದೆ: ಎರಡನೇ ರಿಪೀಟ್ ಬರುವುದು ಒಂದೂವರೆ ಬೀಟ್ ಆದಮೇಲೆ. ಅಷ್ಟರಲ್ಲಿ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗುಚ್ಛ) ಬದಲಾಗಿದ್ದರೆ ಹಳೆಯ ಕಾರ್ಡ್‌ನ ಸ್ವರ ಹೊಸದರ ಮೇಲೆ ಬಂದು ಕೂರುತ್ತದೆ. ಫೀಡ್‌ಬ್ಯಾಕ್ ಜಾಸ್ತಿಯಾದಷ್ಟೂ ಈ ಕಲಬೆರಕೆ ಜಾಸ್ತಿ. ಓವರ್‌ಡ್ರೈವ್ (ದನಿಯನ್ನು ಒರಟಾಗಿಸುವ ಪೆಡಲ್) ಇದ್ದರೆ ಅದು ಡಿಲೇಗಿಂತ ಮುಂಚೆ ಬರಬೇಕು. ಹಿಂದುಮುಂದಾದರೆ ಎಲ್ಲ ರಿಪೀಟ್‌ಗಳೂ ಒಟ್ಟಿಗೆ ನುಜ್ಜಾಗಿ ಗಂಜಿಯಾಗುತ್ತವೆ.

ಡಿಲೇಗೆ ಹೊರಗಿನ ಫುಟ್‌ಸ್ವಿಚ್ ಹಾಕಿದೆ. ಎಷ್ಟು ನಿಖರವಾಗಿ ಒತ್ತಿದರೂ ಡಿಲೇ ನನ್ನ ವೇಗದ ಅರ್ಧಕ್ಕೇ ಬರುತ್ತದೆ. ಪೆಡಲ್ ಕೆಟ್ಟಿದೆಯೇ? (ಹುಬ್ಬಳ್ಳಿ)

ಪೆಡಲ್ ಕೆಟ್ಟಿಲ್ಲ, ಸ್ವಿಚ್‌ನ ಜಾತಿ ಬೇರೆ. ನಿಮ್ಮದು ಲ್ಯಾಚಿಂಗ್ ಸ್ವಿಚ್. ಮನೆಯ ದೀಪದ ಸ್ವಿಚ್‌ನಂತೆ ಒಮ್ಮೆ ಒತ್ತಿದರೆ ಸಂಪರ್ಕ ಕೂಡಿ ಹಾಗೇ ನಿಲ್ಲುತ್ತದೆ, ಇನ್ನೊಮ್ಮೆ ಒತ್ತಿದರೆ ಬಿಡುತ್ತದೆ. ಪೆಡಲ್ ಎಣಿಸುವುದು ಸಂಪರ್ಕ ಕೂಡಿದ್ದನ್ನು ಮಾತ್ರ, ಆದ್ದರಿಂದ ಎರಡು ಒತ್ತಿಗೆ ಒಂದೇ ಲೆಕ್ಕ. 500 ಮಿಲಿಸೆಕೆಂಡ್‌ಗೊಮ್ಮೆ ಒತ್ತಿದರೆ ಡಿಲೇ 1000 ಬರುತ್ತದೆ. ಟ್ಯಾಪ್‌ಗೆ ಬೇಕಾದದ್ದು ಮೊಮೆಂಟರಿ, ಅಂದರೆ ಕಾಲಿಂಗ್ ಬೆಲ್ ಗುಂಡಿಯ ಥರದ್ದು. ಬಾಸ್‌ನಲ್ಲಿ ಎಫ್‌ಎಸ್-5ಯು ಮೊಮೆಂಟರಿ, ಎಫ್‌ಎಸ್-5ಎಲ್ ಲ್ಯಾಚಿಂಗ್. ಎರಡೂ ಹೊರನೋಟಕ್ಕೆ ಅಣ್ಣತಮ್ಮಂದಿರಂತಿರುವುದರಿಂದ ಅಂಗಡಿಯಲ್ಲಿ ಅಕ್ಷರ ನೋಡಿಯೇ ತೆಗೆದುಕೊಳ್ಳಿ.

ಇನ್ನೊಂದು ಗೊಂದಲ ಪೊಲಾರಿಟಿಯದು. ಕೆಲವು ಪೆಡಲ್‌ಗಳು ಒತ್ತಿದಾಗ ಕೂಡುವ ಸ್ವಿಚ್ ಕೇಳುತ್ತವೆ, ಕೆಲವು ಒತ್ತಿದಾಗ ಬಿಡುವ ಸ್ವಿಚ್. ತಪ್ಪಿದ್ದರೆ ನೀವು ಕಾಲು ಎತ್ತಿದ ಕ್ಷಣವನ್ನು ಪೆಡಲ್ ಒತ್ತು ಎಂದು ತಿಳಿಯುತ್ತದೆ. ಎಫ್‌ಎಸ್-5ಯುನಲ್ಲಿ ಅದಕ್ಕೆಂದೇ ಒಂದು ಪುಟ್ಟ ಪೊಲಾರಿಟಿ ಸ್ವಿಚ್ ಇದೆ, ಅದನ್ನು ಆಚೆ ಸರಿಸಿ ನೋಡಿ. ಹಳೆಯ ಸ್ವಿಚ್‌ನಲ್ಲಿ ಒಂದೇ ಒತ್ತಿಗೆ ಡಿಲೇ ಇದ್ದಕ್ಕಿದ್ದಂತೆ ತೀರಾ ಚಿಕ್ಕದಾಗಿ ತಗಡಿನ ಡಬ್ಬದ ಸದ್ದು ಬಂದರೆ, ಒಳಗಿನ ಸಂಪರ್ಕ ಪುಟಿದು ಎರಡು ಒತ್ತಾಗಿ ದಾಖಲಾಗುತ್ತಿದೆ ಎಂದರ್ಥ. ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ, ಸರಿಹೋಗದಿದ್ದರೆ ಸ್ವಿಚ್ ಬದಲಿಸಿ.

ಸುಗಮ ಸಂಗೀತಕ್ಕೆ ಗಿಟಾರ್ ಸಾಥ್ ಕೊಡುತ್ತೇನೆ. ದಾದ್ರಾ ಓಟದ ಹಾಡುಗಳಿಗೆ ಡಾಟೆಡ್ ಎಯ್ತ್ ಇಟ್ಟರೆ ಎಲ್ಲ ಚೆಲ್ಲಾಪಿಲ್ಲಿ. ಖಂಡ ಛಾಪಿನಲ್ಲಂತೂ ಟ್ಯಾಪ್ ಹಿಡಿಯುವುದೇ ಇಲ್ಲ. (ಮೈಸೂರು)

ದಾದ್ರಾದ ಆರು ಮಾತ್ರೆಯಲ್ಲಿ ಕಾಲು ಸಹಜವಾಗಿ ಒಂದಕ್ಕೂ ನಾಲ್ಕಕ್ಕೂ ಬೀಳುತ್ತದೆ. ಹಾಗಾಗಿ ಪೆಡಲ್ ತಿಳಿದ ಒಂದು ಬೀಟ್‌ನೊಳಗೆ ಮೂರು ಮಾತ್ರೆ ಇವೆ. ಡಾಟೆಡ್ ಎಯ್ತ್ ಅದರ ಮುಕ್ಕಾಲು, ಎಂದರೆ ಎರಡೂಕಾಲು ಮಾತ್ರೆ. ಯಾವ ಮಾತ್ರೆಯ ಮೇಲೂ ಅದು ಬೀಳುವುದಿಲ್ಲ, ಚೆಲ್ಲಾಪಿಲ್ಲಿಯಾಗದೆ ಇನ್ನೇನಾದೀತು? ಟ್ರಿಪ್ಲೆಟ್ ಆಯ್ಕೆ ಇದ್ದರೆ ಅದನ್ನು ಹಾಕಿ: ಬೀಟ್‌ನ ಮೂರನೇ ಒಂದು ಪಾಲು ಒಂದು ಮಾತ್ರೆ, ಮೂರನೇ ಎರಡು ಪಾಲು ಎರಡು ಮಾತ್ರೆ. ನಿಮಿಷಕ್ಕೆ 60 ಬೀಟ್ ಬೀಳುವ ಹಾಡಿನಲ್ಲಿ ಅವು 333 ಮತ್ತು 667 ಮಿಲಿಸೆಕೆಂಡ್. ಎರಡು ಮಾತ್ರೆಯ ಡಿಲೇ ಮೂರು-ಮೂರರ ನಡೆಯ ಮೇಲೆ ಎರಡು-ಎರಡರ ನೆರಳು ಹಾಸುತ್ತದೆ, ದಾದ್ರಾಕ್ಕೆ ಬಹಳ ಚಂದ ಒಪ್ಪುತ್ತದೆ. ಆಯ್ಕೆಯೇ ಇಲ್ಲದ ಪೆಡಲ್ ಆದರೆ ಒಂದು, ಮೂರು, ಐದನೇ ಮಾತ್ರೆಗಳಿಗೆ ಒತ್ತುತ್ತಾ ಹೋಗಿ.

ಖಂಡ ಛಾಪಿನಲ್ಲಿ ನೀವು ತಾಳದ ಪೆಟ್ಟಿಗೇ ಒತ್ತುತ್ತಿದ್ದೀರಿ. ಆ ಪೆಟ್ಟುಗಳು ಎರಡು ಮತ್ತು ಮೂರು ಅಕ್ಷರದ ಅಂತರದವು, ಸಮ ಅಲ್ಲ. ಒಂದು ಅಕ್ಷರ 200 ಮಿಲಿಸೆಕೆಂಡ್ ಇದ್ದರೆ ಪೆಡಲ್‌ಗೆ ಸಿಗುವುದು 400, 600, 400, 600. ಅದು ಸರಾಸರಿ ತೆಗೆದು 500 ಎನ್ನುತ್ತದೆ, ಎಂದರೆ ಎರಡೂವರೆ ಅಕ್ಷರ. ಬದಲಿಗೆ ಪ್ರತಿ ಆವರ್ತದ ಮೊದಲ ಪೆಟ್ಟಿಗೆ ಮಾತ್ರ ಒತ್ತಿ, 1000 ಸಿಗುತ್ತದೆ, ನುಡಿಸಿದ ಪದಗುಚ್ಛ ಮುಂದಿನ ಆವರ್ತದಲ್ಲಿ ಅದೇ ಜಾಗಕ್ಕೆ ಬಂದು ಕೂರುತ್ತದೆ. ಮಿಶ್ರ ಛಾಪಿನ ಮೂರು-ಎರಡು-ಎರಡಕ್ಕೂ ಇದೇ ದಾರಿ.

ಅನಲಾಗ್ ಡಿಲೇಯಲ್ಲಿ ಟ್ಯಾಪ್ ಒತ್ತಿದ ತಕ್ಷಣ ಸ್ವರ ಜಾರಿ "ಕುಂಯ್" ಅನ್ನುತ್ತದೆ. ನಿಧಾನದ ಹಾಡುಗಳಿಗೆ ಟ್ಯಾಪ್ ಕೂರುವುದೂ ಇಲ್ಲ. (ಬೆಂಗಳೂರು)

ಎರಡೂ ಅದರ ಹುಟ್ಟುಗುಣ. ಅನಲಾಗ್ ಡಿಲೇಯೊಳಗಿನ ಬಕೆಟ್ ಬ್ರಿಗೇಡ್ ಚಿಪ್, ಬಾವಿಯಿಂದ ಸಾಲಾಗಿ ನಿಂತು ಬಿಂದಿಗೆ ದಾಟಿಸಿದ ಹಾಗೆ ಸದ್ದನ್ನು ಮನೆಯಿಂದ ಮನೆಗೆ ದಾಟಿಸುತ್ತದೆ. ದಾಟಿಸುವ ವೇಗ ಗಡಿಯಾರದ್ದು, ಎಂದರೆ ಕ್ಲಾಕ್‌ನದು. ಎಂಎನ್3005 ಚಿಪ್‌ನಲ್ಲಿ 4096 ಮನೆ. ಮನೆಗಳ ಸಂಖ್ಯೆಯನ್ನು ಕ್ಲಾಕ್‌ನ ಎರಡರಷ್ಟರಿಂದ ಭಾಗಿಸಿದರೆ ಡಿಲೇ. 10 ಕಿಲೋಹರ್ಟ್ಸ್‌ಗೆ 205 ಮಿಲಿಸೆಕೆಂಡ್. ಟ್ಯಾಪ್ ಒತ್ತಿದಾಗ ಕ್ಲಾಕ್ ಬದಲಾಗುತ್ತದೆ, ಆಗಲೇ ಸಾಲಿನಲ್ಲಿರುವ ಸದ್ದು ಒಳಹೋದ ವೇಗದಲ್ಲಿ ಹೊರಬರುವುದಿಲ್ಲ, ಆದ್ದರಿಂದ ಶ್ರುತಿ ಜಾರುತ್ತದೆ. ತಂತಿಗಳನ್ನು ಅಂಗೈಯಲ್ಲಿ ಮುಚ್ಚಿ, ಹಳೆಯ ರಿಪೀಟ್‌ಗಳು ಸತ್ತ ಮೇಲೆ ಒತ್ತಿ.

ನಿಧಾನದ ಹಾಡಿನದು ಮಿತಿಯ ಪ್ರಶ್ನೆ. ಅಂಥ ಎರಡು ಚಿಪ್ ಜೋಡಿಸಿದರೂ 600 ಮಿಲಿಸೆಕೆಂಡ್‌ಗೆ ಕ್ಲಾಕ್ 6.8 ಕಿಲೋಹರ್ಟ್ಸ್‌ಗೆ ಇಳಿಯುತ್ತದೆ, ಅದರ ಅರ್ಧ 3.4ರ ಮೇಲಿನ ಸದ್ದನ್ನು ಫಿಲ್ಟರ್ ಕತ್ತರಿಸಲೇಬೇಕು. ಉದ್ದದ ಡಿಲೇ ಮಂಕಾಗಿ ಕೇಳುವುದು ಅದಕ್ಕೇ, ತಯಾರಕರು ಮಿತಿ ಹಾಕುವುದೂ ಅದಕ್ಕೇ. 60 ಬಿಪಿಎಂನ ಬೀಟ್ 1000 ಮಿಲಿಸೆಕೆಂಡ್, 600ರ ಪೆಡಲ್‌ನಲ್ಲಿ ಹಿಡಿಸುವುದಿಲ್ಲ. ಬೀಟ್‌ಗೆ ಎರಡು ಸಲ ಒತ್ತಿ, 500 ಆಗಿ ಕೂರುತ್ತದೆ.

ಎಲೆಕ್ಟ್ರಾನಿಕ್ಸ್ ವಿದ್ಯಾರ್ಥಿ ನಾನು. ಎಸ್‌ಪಿ ರೋಡ್‌ನಿಂದ ಪಿಟಿ2399 ಚಿಪ್ ತಂದು ಡಿಲೇ ಕಟ್ಟಿದ್ದೇನೆ. ಆರ್ಡುಯಿನೊ ನ್ಯಾನೊ (ಪ್ರೋಗ್ರಾಂ ಬರೆಯಬಹುದಾದ ಪುಟ್ಟ ಬೋರ್ಡ್), ಎಂಸಿಪಿ41050 ಡಿಜಿಟಲ್ ಪಾಟ್ (ಪ್ರೋಗ್ರಾಂ ಹೇಳಿದಂತೆ ಬದಲಾಗುವ ರೆಸಿಸ್ಟರ್) ಹಾಕಿ ಟ್ಯಾಪ್ ಮಾಡಿದೆ. ಒಂದು ಚಿಪ್‌ಗೆ ಸರಿಯಾದದ್ದು ಇನ್ನೊಂದಕ್ಕೆ ತಪ್ಪುತ್ತದೆ. (ತುಮಕೂರು)

ದಾರಿ ಸರಿಯಿದೆ, ಕೊನೆಯ ಒಂದು ಹೆಜ್ಜೆ ಬಾಕಿ. ಪಿಟಿ2399ರ 6ನೇ ಪಿನ್‌ನಿಂದ ಗ್ರೌಂಡ್‌ಗೆ ಇರುವ ರೆಸಿಸ್ಟರ್‌ಗೂ ಡಿಲೇಗೂ ಇರುವ ಸಂಬಂಧ ಸುಮಾರಾಗಿ ಹೀಗೆ: ಕಿಲೋ ಓಮ್ ಗುಣಿಸು 11.46, ಕೂಡಿಸು 29.7. 375 ಮಿಲಿಸೆಕೆಂಡ್ ಬೇಕಾದರೆ 30.1 ಕಿಲೋ ಓಮ್. ನಿಮ್ಮ 50 ಕಿಲೋ ಓಮ್ ಪಾಟ್‌ನಲ್ಲಿ 256 ಮೆಟ್ಟಿಲು, ಒಂದೊಂದು 195 ಓಮ್, ಎಂದರೆ 2.2 ಮಿಲಿಸೆಕೆಂಡ್. ಇಷ್ಟು ಸೂಕ್ಷ್ಮ ಸಾಕು. ಕೈಕೊಡುತ್ತಿರುವುದು ಬಿಡಿಭಾಗಗಳ ವ್ಯತ್ಯಾಸ. ಡಿಜಿಟಲ್ ಪಾಟ್‌ನ ಒಟ್ಟು ಬೆಲೆ 50 ಎಂದು ಬರೆದಿದ್ದರೂ ಚಿಪ್‌ನಿಂದ ಚಿಪ್‌ಗೆ ಬಹಳ ಬೇರೆಯಾಗುತ್ತದೆ, ಪಿಟಿ2399 ಕೂಡ ಹಾಗೇ.

ಹಾಗಾಗಿ ಸೂತ್ರವನ್ನು ಮೊದಲ ಅಂದಾಜಿಗೆ ಮಾತ್ರ ಬಳಸಿ, ಆಮೇಲೆ ಅಳೆಯಿರಿ. 5ನೇ ಪಿನ್‌ನಲ್ಲಿ ಚಿಪ್‌ನ ಕ್ಲಾಕ್ ಹೊರಬರುತ್ತದೆ. 683ನ್ನು ಆ ಕ್ಲಾಕ್‌ನ ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ಡಿಲೇಯ ಮಿಲಿಸೆಕೆಂಡ್ ಸಿಗುತ್ತದೆ. 375ಕ್ಕೆ 1.82 ಮೆಗಾಹರ್ಟ್ಸ್. ಆ ಪಿನ್ನನ್ನು 1 ಕಿಲೋ ಓಮ್ ಮೂಲಕ ನ್ಯಾನೊದ ಡಿ5ಕ್ಕೆ ಚಿಕ್ಕ ತಂತಿಯಲ್ಲಿ ಕೊಡಿ, ಅದು ಟೈಮರ್-1ರ ಹೊರಗಿನ ಎಣಿಕೆಯ ದ್ವಾರ. 10 ಮಿಲಿಸೆಕೆಂಡ್ ಎಣಿಸಿದರೆ ಸುಮಾರು 18,200 ಬರುತ್ತದೆ, 16 ಬಿಟ್‌ನ 65,535ರೊಳಗೆ ಇದೆ. ಎಣಿಕೆ ಗುರಿಗಿಂತ ಹೆಚ್ಚಿದ್ದರೆ ಪಾಟನ್ನು ಒಂದು ಮೆಟ್ಟಿಲು ಏರಿಸಿ, ಕಡಿಮೆಯಿದ್ದರೆ ಇಳಿಸಿ, ಗುರಿಗೆ ಅತಿ ಹತ್ತಿರದ ಮೆಟ್ಟಿಲಲ್ಲಿ ನಿಲ್ಲಿಸಿಬಿಡಿ. ಹೊಸ ಟ್ಯಾಪ್ ಬಂದಾಗಷ್ಟೇ ಮತ್ತೆ ಶುರುಮಾಡಿ. ಸದಾ ತಿದ್ದುತ್ತಿದ್ದರೆ ಸ್ವರ ನಡುಗುತ್ತದೆ. 16 ಮೆಗಾಹರ್ಟ್ಸ್‌ನ ನ್ಯಾನೊ ನಂಬಿಕೆಯಿಂದ ಎಣಿಸುವುದು ಸುಮಾರು 6.4 ಮೆಗಾಹರ್ಟ್ಸ್‌ವರೆಗೆ, ಆದ್ದರಿಂದ 110 ಮಿಲಿಸೆಕೆಂಡ್‌ಗಿಂತ ಕೆಳಗೆ ಈ ಉಪಾಯ ಬೇಡ.

ಇನ್ನು ಕೆಲವು ಎಚ್ಚರಿಕೆ. ಪವರ್ ಬಂದ ಕ್ಷಣ 6ನೇ ಪಿನ್ ಗ್ರೌಂಡ್‌ಗೆ ತೀರಾ ಹತ್ತಿರವಿದ್ದರೆ ಪಿಟಿ2399 ಮೇಲೇಳದೆ ಸ್ತಬ್ಧವಾಗುತ್ತದೆ, ಪಾಟ್ ಜೊತೆ ಸಾಲಾಗಿ 2.2 ಕಿಲೋ ಓಮ್ ಇರಲೇಬೇಕು. 340 ಮಿಲಿಸೆಕೆಂಡ್ ದಾಟಿದಂತೆ ಗರಗರ ಹೆಚ್ಚುತ್ತದೆ. ಟ್ಯಾಪ್ 400 ಮೀರಿದರೆ ಅರ್ಧ ಮಾಡುವ ಸಾಲನ್ನು ಪ್ರೋಗ್ರಾಂನಲ್ಲೇ ಬರೆಯಿರಿ. 90 ಬಿಪಿಎಂನ 667 ಆಗ 333 ಆಗುತ್ತದೆ, ತಾಳ ತಪ್ಪುವುದಿಲ್ಲ. ಗುಂಡಿಗೆ 10 ಕಿಲೋ ಓಮ್ ಪುಲ್-ಅಪ್, 0.1 ಮೈಕ್ರೊಫ್ಯಾರಡ್, ಪ್ರೋಗ್ರಾಂನಲ್ಲಿ 30 ಮಿಲಿಸೆಕೆಂಡ್ ಕಾಯುವಿಕೆ. ಎರಡು ಸೆಕೆಂಡ್ ಒತ್ತು ಬಾರದಿದ್ದರೆ ಎಣಿಕೆ ಮೊದಲಿಂದ.

ಟೆಂಪೊ ದೀಪ ಮಿಣುಕಿದಾಗಲೆಲ್ಲ ಆಂಪ್‌ನಲ್ಲಿ "ಟಿಕ್ ಟಿಕ್" ಕೇಳಿಸುತ್ತದೆ. (ಕಲಬುರಗಿ)

ಒಂದೇ ಅಡಾಪ್ಟರ್‌ನಿಂದ ಸರಪಳಿ ತಂತಿಯಲ್ಲಿ ಎಲ್ಲ ಪೆಡಲ್‌ಗೂ ಪವರ್ ಕೊಟ್ಟಿರಬೇಕು. ದೀಪ ಹತ್ತಿ ಆರುವಾಗಿನ ಕರೆಂಟ್ ಎಳೆತ ಆ ತಂತಿಯ ವೋಲ್ಟೇಜನ್ನು ಜಗ್ಗಿ, ಮುಂದಿನ ಪೆಡಲ್ ಅದನ್ನು ಸದ್ದಾಗಿ ದೊಡ್ಡದು ಮಾಡುತ್ತದೆ. ಪರೀಕ್ಷೆಗೆ ಡಿಲೇಗೆ ಮಾತ್ರ 9 ವೋಲ್ಟ್ ಬ್ಯಾಟರಿ ಹಾಕಿ ನೋಡಿ. ಸದ್ದು ನಿಂತರೆ ಐಸೊಲೇಟೆಡ್ (ಒಂದಕ್ಕೊಂದು ಸಂಪರ್ಕವಿಲ್ಲದ) ಔಟ್‌ಪುಟ್ ಇರುವ ಪವರ್ ಸಪ್ಲೈ ಬೇಕು, ಡಿಲೇಗೆ ಅದರಲ್ಲಿ ಪ್ರತ್ಯೇಕ ಔಟ್‌ಪುಟ್. ಪೆಡಲ್ ಎಷ್ಟು ಮಿಲಿಆಂಪ್ ಬೇಡುತ್ತದೆಂದು ಅದರ ಬೆನ್ನ ಮೇಲಿರುತ್ತದೆ, ಔಟ್‌ಪುಟ್ ಅದಕ್ಕಿಂತ ಹೆಚ್ಚು ಕೊಡುವಂತಿರಲಿ. ಬ್ಯಾಟರಿಯಲ್ಲೂ ಟಿಕ್ ಬಂದರೆ ತಪ್ಪು ಪೆಡಲ್‌ನ ಒಳಗಿದೆ. ಸ್ವಂತ ಕಟ್ಟಿದ್ದಾದರೆ ದೀಪದ ರೆಸಿಸ್ಟರ್ ಬೆಲೆ ಹೆಚ್ಚಿಸಿ, ದೀಪದ ಗ್ರೌಂಡ್ ತಂತಿಯನ್ನು ಸಿಗ್ನಲ್ ದಾರಿಗೆ ಸೇರಿಸದೆ ನೇರ ಪವರ್ ಜ್ಯಾಕ್‌ಗೆ ಒಯ್ಯಿರಿ.

ನಮ್ಮ ಕನ್ನಡ ಸಂಘದ ಬ್ಯಾಂಡ್ ಲ್ಯಾಪ್‌ಟಾಪ್‌ನ ಕ್ಲಿಕ್ ಜೊತೆ ನುಡಿಸುತ್ತದೆ. ಆಗಲೂ ಟ್ಯಾಪ್ ಬೇಕೇ? (ನ್ಯೂಜೆರ್ಸಿ)

ಬೇಡ. ಮಿಡಿ (ವಾದ್ಯ, ಕಂಪ್ಯೂಟರ್‌ಗಳು ಪರಸ್ಪರ ಸಂದೇಶ ಕಳಿಸುವ ವ್ಯವಸ್ಥೆ) ಇನ್‌ಪುಟ್ ಇರುವ ಡಿಲೇಗೆ, ಉದಾಹರಣೆಗೆ ಬಾಸ್ ಡಿಡಿ-200 ಅಥವಾ ಸ್ಟ್ರೈಮನ್ ಟೈಮ್‌ಲೈನ್‌ಗೆ, ಲ್ಯಾಪ್‌ಟಾಪ್‌ನಿಂದ ಮಿಡಿ ಕ್ಲಾಕ್, ಅಂದರೆ ವೇಗ ತಿಳಿಸುವ ಸಂದೇಶ, ಕೊಡಿ. ಕ್ಲಾಕ್ ಒಂದು ಬೀಟ್‌ಗೆ 24 ಸಲ ಮಿಡಿಯುತ್ತದೆ, 120 ಬಿಪಿಎಂನಲ್ಲಿ 20.8 ಮಿಲಿಸೆಕೆಂಡ್‌ಗೊಮ್ಮೆ. ಹಾಡಿನ ನಡುವೆ ವೇಗ ಬದಲಾದರೂ ಪೆಡಲ್ ಹಿಂಬಾಲಿಸುತ್ತದೆ. ಆದರೆ ಕ್ಲಾಕ್ ತರುವುದು ಬೀಟ್ ಮಾತ್ರ. ಡಾಟೆಡ್ ಎಯ್ತೋ ಟ್ರಿಪ್ಲೆಟ್ಟೋ ಎಂಬುದನ್ನು ಪ್ರತಿ ಹಾಡಿನ ಪ್ರೀಸೆಟ್‌ನಲ್ಲಿ ನೀವೇ ಉಳಿಸಿಡಬೇಕು. ಕ್ಲಾಕ್ ಬರುತ್ತಿರುವಾಗ ಅಭ್ಯಾಸಬಲದಿಂದ ಟ್ಯಾಪ್ ತುಳಿಯಬೇಡಿ, ಎರಡು ಕಡೆಯಿಂದ ಬಂದ ವೇಗದ ನಡುವೆ ಡಿಲೇ ಎಳೆದಾಡಿದರೆ ಆ ಜಾರಾಟ ಪಿಎಯಲ್ಲಿ (ಸಭೆಯ ಸ್ಪೀಕರ್‌ಗಳಲ್ಲಿ) ಎಲ್ಲರಿಗೂ ಕೇಳಿಸುತ್ತದೆ.